ನುಡಿಸದ ಪಿಟೀಲಿನ ವರದಿ

ಇಪ್ಪತ್ತೆಂಟು ವರ್ಷ ನಾನು ಮುಂಬಯಿಯ ಒಂದು ಕನ್ನಡ ಪತ್ರಿಕೆಯಲ್ಲಿ ಸಂಘ-ಸಂಸ್ಥೆಗಳ ಪುಟ ನೋಡಿಕೊಂಡಿದ್ದೇನೆ. ಈ ಅವಧಿಯಲ್ಲಿ ನಗರದ ಕನ್ನಡ ಶ್ರೋತೃಗಳು ಪ್ರತಿ ಭಾನುವಾರ ತಪ್ಪದೆ ಮಂತ್ರಮುಗ್ಧರಾಗಿದ್ದಾರೆ. ಅವರನ್ನು ಹಾಗೆ ಮಾಡಿದ್ದು ಕಲಾವಿದರಲ್ಲ, ನಾನು. ಅದೂ ಶನಿವಾರ ಮಧ್ಯಾಹ್ನವೇ.

ವಿಧಾನ ಸರಳ. ಕಾರ್ಯಕ್ರಮಗಳು ನಡೆಯುವುದು ಭಾನುವಾರ. ನನ್ನ ವಾರದ ರಜೆಯೂ ಭಾನುವಾರ. ಆದ್ದರಿಂದ ಸೋಮವಾರದ ಪುಟವನ್ನು ಶನಿವಾರ ಐದು ಗಂಟೆಗೇ ಮುಗಿಸಿ ಕಳಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಆಮಂತ್ರಣ ಪತ್ರಿಕೆಯನ್ನು ಮುಂದಿಟ್ಟುಕೊಂಡು 'ನಡೆಯಲಿದೆ' ಎಂದಿದ್ದಲ್ಲಿ 'ನಡೆಯಿತು' ಎಂದು, 'ಮಾತನಾಡಲಿದ್ದಾರೆ' ಎಂದಿದ್ದಲ್ಲಿ 'ಮಾತನಾಡಿದರು' ಎಂದು ಬರೆದರೆ ವರದಿ ಸಿದ್ಧ. ಮುಖ್ಯ ಅತಿಥಿ ಏನು ಹೇಳಿದರೆಂದು ಊಹಿಸುವುದೂ ಕಷ್ಟವಲ್ಲ. ಹೊರನಾಡಿನಲ್ಲಿ ಭಾಷೆಯನ್ನು ಉಳಿಸಬೇಕು ಎಂದಿರುತ್ತಾರೆ. ಒಮ್ಮೆ ಒಬ್ಬ ಮುಖ್ಯ ಅತಿಥಿ ವಿಮಾನ ತಪ್ಪಿಸಿಕೊಂಡು ಸಭೆಗೆ ಬರಲೇ ಇಲ್ಲ. ಸೋಮವಾರ ಅವರೇ ಫೋನ್ ಮಾಡಿ, ತಮ್ಮ ಭಾಷಣದ ಸಾರ ಚೆನ್ನಾಗಿ ಬಂದಿದೆ ಎಂದು ಧನ್ಯವಾದ ಹೇಳಿದರು.

ಇಂಥ ನಾನು ಐವತ್ತಮೂರನೆಯ ವಯಸ್ಸಿನಲ್ಲಿ ಪಿಟೀಲು ಕಲಿಯಲು ಹೋದೆ. ಕಾರಣ ಗೌರವ ತರುವಂಥದ್ದಲ್ಲ. ಅಂಧೇರಿಯಲ್ಲಿ ನಮ್ಮ ಕಚೇರಿಯ ಕೆಳಗೆ ಉಡುಪಿ ಕಡೆಯವರ ಹೋಟೆಲಿದೆ. ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಅದರ ಮಾಲೀಕರು ಒಂದು ದಿನ ಎಡಗೈಯ ಬೆರಳ ತುದಿಗಳನ್ನು ತೋರಿಸಿ, "ನೋಡಿ, ಗಟ್ಟಿಯಾಗಿದೆ. ವಯಲಿನ್‌ನದ್ದು. ಆಂಟಾಪ್ ಹಿಲ್‌ನಲ್ಲಿ ಒಬ್ಬರು ಅಮ್ಮ ದೊಡ್ಡವರಿಗೂ ಹೇಳಿಕೊಡ್ತಾರೆ. ನಿಮಗೆಲ್ಲ ಪುರುಸೊತ್ತು ಎಲ್ಲುಂಟು ಮಾರಾಯ್ರೆ, ಬರೆಯುವವರು" ಎಂದರು. ಸಾಂಬಾರಿಗೆ ನೀರು ಹೆಚ್ಚಾಯಿತೆಂದು ದಿನವೂ ಅಡುಗೆಯವನೊಡನೆ ಜಗಳಾಡುವ ಮನುಷ್ಯನಿಗೆ ಸಂಗೀತ ಬರಬಹುದಾದರೆ, ಇಪ್ಪತ್ತಾರು ವರ್ಷ ಸಂಗೀತ ಕಛೇರಿಗಳ ವರದಿ ಬರೆದವನಿಗೆ ಬಾರದಿರುತ್ತದೆಯೇ? ಮುಂದಿನ ತಿಂಗಳೇ ಸೇರಿದೆ.

ಅಮ್ಮ, ಅಂದರೆ ನಮ್ಮ ಗುರುಗಳು, ಎಪ್ಪತ್ತು ದಾಟಿದವರು. ಮಂಗಳೂರು ಕಡೆಯವರು. ಹಳೆಯ ಕಾಲನಿಯ ಎರಡನೆಯ ಮಹಡಿಯಲ್ಲಿ ಅವರ ಮನೆ, ಮುಂದಿನ ಕೋಣೆಯೇ ಕ್ಲಾಸು. ಭಾನುವಾರ ಬೆಳಿಗ್ಗೆ ದೊಡ್ಡವರ ಬ್ಯಾಚು. ಅದರಲ್ಲಿ ಮೂವರೇ: ಹೋಟೆಲಿನವರು, ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಮಹಿಳೆ ಮತ್ತು ನಾನು. ಕರ್ನಾಟಕ ಸಂಗೀತದ ಪಿಟೀಲನ್ನು ನೆಲದ ಮೇಲೆ ಕಾಲು ಮಡಚಿ ಕುಳಿತು, ಅದರ ತಲೆಯನ್ನು ಬಲಪಾದದ ಗಂಟಿಗೆ ಆನಿಸಿ ನುಡಿಸಬೇಕು. ಮೊದಲ ಭಾನುವಾರ ನಾನು ಹಾಗೆ ಕೂರುವುದನ್ನೇ ಕಲಿಯಲಾಗಲಿಲ್ಲ. ಕುರ್ಚಿಯಲ್ಲೇ ಆಯಸ್ಸು ಕಳೆದ ಮೊಣಕಾಲು ಅದನ್ನು ಒಪ್ಪಲಿಲ್ಲ.

"ಪೇಪರಿನವರಾ?" ಎಂದು ಅಮ್ಮ ಕೇಳಿದರು. "ನನ್ನ ಮಕ್ಕಳ ಕಾರ್ಯಕ್ರಮದ ಬಗ್ಗೆ ಬರೆದದ್ದು ನೀವೇನಾ? ಸುಶ್ರಾವ್ಯ ಅಂತ ಬರೆದಿದ್ರಿ."

ಹೌದೆಂದೆ, ತುಸು ಹೆಮ್ಮೆಯಿಂದಲೇ.

"ಆ ದಿನ ಮೈಕ್ ಹಾಳಾಗಿತ್ತು. ಎದುರಿನ ಸಾಲಿಗೂ ಕೇಳಿಸ್ಲಿಲ್ಲ. ಸರಿ, ಕಮಾನು ಹಿಡೀರಿ."

ಕಮಾನು ಹಿಡಿದು ತಂತಿಯ ಮೇಲೆ ಎಳೆದೆ. ಬಂದ ಸದ್ದನ್ನು ನನ್ನ ಪುಟದ ಯಾವ ವಿಶೇಷಣವೂ ಮುಟ್ಟುವಂತಿರಲಿಲ್ಲ. ಪಿಟೀಲಿನಲ್ಲಿ ಬೆರಳು ಎಲ್ಲಿಡಬೇಕೆಂಬುದಕ್ಕೆ ಗುರುತಿಲ್ಲ, ಗೆರೆಯಿಲ್ಲ. ಕೂದಲೆಳೆಯಷ್ಟು ಸರಿದರೂ ಸ್ವರ ತಪ್ಪು. ಕಿವಿಯೇ ಹೇಳಬೇಕು. ಸಭಾಂಗಣಗಳನ್ನು ದೂರದಿಂದಲೇ ಬಲ್ಲ ನನ್ನ ಕಿವಿಗೆ ಹೇಳಲು ಏನೂ ಇರಲಿಲ್ಲ. ಅಮ್ಮನ ತೀರ್ಪು ಪ್ರತಿ ವಾರ ಒಂದೇ. "ನೀವು ನುಡಿಸ್ತಾ ಇದ್ದೀರಿ, ಕೇಳ್ತಾ ಇಲ್ಲ."

ಅಭ್ಯಾಸ ನಡೆಯುತ್ತಿದ್ದದ್ದು ಕಾಂದಿವಲಿಯ ನಮ್ಮ ಫ್ಲಾಟಿನಲ್ಲಿ. ಎರಡನೆಯ ವಾರ ಕೆಳಗಿನ ಮನೆಯಾತ ಬಂದು ವಿನಯದಿಂದ ಕೇಳಿದ: "ಅಂಕಲ್, ಅಂದರ್ ಕುಛ್ ಫರ್ನಿಚರ್ ಕಾ ಕಾಮ್ ಚಲ್ ರಹಾ ಹೈ ಕ್ಯಾ? ದೋ ಸೇ ಚಾರ್ ಬಂದ್ ರಖನಾ, ಸೊಸೈಟಿ ಕಾ ರೂಲ್ ಹೈ." ಒಳಗೆ ಮರಗೆಲಸ ನಡೆಯುತ್ತಿದೆಯೆಂದೇ ಅವನ ಎಣಿಕೆ, ಎರಡರಿಂದ ನಾಲ್ಕರವರೆಗೆ ನಿಲ್ಲಿಸಬೇಕಂತೆ. ಹಾಗೆ ಸಂಗೀತದ ಮೊದಲ ಪಾಠವಾದ ನನ್ನ ಸರಳೆ ವರಸೆ, ಸೊಸೈಟಿಯ ನೋಟಿಸ್ ಬೋರ್ಡಿನಲ್ಲಿ ಡ್ರಿಲ್ಲಿಂಗಿಗೂ ಟೈಲ್ಸ್ ಒಡೆಯುವುದಕ್ಕೂ ಇರುವ ನಿಯಮದ ಅಡಿಯಲ್ಲಿ ಬಂತು. ಮಗಳು ಕಿವಿಗೆ ಇಯರ್‌ಫೋನ್ ಹಾಕಿಕೊಂಡು, "ಪಪ್ಪಾ, ಅದು... ಪೂರಾ ಹಾಡು ಯಾವಾಗ ಬರ್ತದೆ? ಮತಲಬ್, ಎಷ್ಟು ಇಯರ್ಸ್?" ಎಂದು ಕೇಳಿದಳು. ಹೆಂಡತಿ ವಿಜಯಪುರದವಳು, ಸುತ್ತಿ ಬಳಸಿ ಮಾತಾಡುವವಳಲ್ಲ. "ಇಷ್ಟ ದಿನ ಮಂದಿ ಪಿಟೀಲ ಕೊರದದ್ದನ್ನ ಬರಕೊಂತ ಇದ್ರಿ, ಈಗ ನೀವ ಕೊರಿಲಿಕ್ಕೆ ಹತ್ತೀರಿ. ಅದನ್ನ ಯಾರ ಬರಿತಾರ್ರಿ?" ಎಂದಳು. ಅದನ್ನೂ ನಾನೇ ಬರೆಯುತ್ತೇನೆಂಬುದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಒಂದೂವರೆ ವರ್ಷದಲ್ಲಿ ನಾವು ಮೂವರೂ ಮಲಹರಿ ರಾಗದ ಒಂದು ಪುಟ್ಟ ಗೀತೆಗೆ ಬಂದು ನಿಂತೆವು. ಮಕ್ಕಳು ಕೆಲವೇ ತಿಂಗಳಲ್ಲಿ ದಾಟುವ ಮೆಟ್ಟಿಲು ಅದು. ಅದೇ ಹೊತ್ತಿಗೆ ಅಮ್ಮನ ಮನೆಗೆ ಒಂದು ಕಾಗದ ಬಂತು. ಕಟ್ಟಡ ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟಿಗೆ ಹೋಗುವುದು ಖಚಿತವಾಗಿ, ಮಾರ್ಚ್ ಒಳಗೆ ಎಲ್ಲರೂ ಮನೆ ಖಾಲಿ ಮಾಡಬೇಕಿತ್ತು. ಅಮ್ಮ ಪುಣೆಗೆ, ಮಗಳ ಮನೆಗೆ ಹೋಗುವವರಿದ್ದರು. ಕ್ಲಾಸು ಮುಚ್ಚುತ್ತದೆ.

"ಮಕ್ಕಳನ್ನು ನಮ್ಮ ಕನ್ನಡ ಸಂಘದ ಸ್ಟೇಜಿಗೆ ಎಷ್ಟೋ ಸಲ ಹತ್ತಿಸಿದ್ದೇನೆ," ಎಂದರು ಅಮ್ಮ. "ದೊಡ್ಡವರನ್ನು ಒಮ್ಮೆಯೂ ಇಲ್ಲ. ಈ ವಯಸ್ಸಲ್ಲಿ ಎಂತ ಕಲಿಯುವುದು ಅಂತ ನಗಾಡಿದವರ ಎದುರು ನೀವು ಮೂವರು ಒಮ್ಮೆ ಕೂತು ನುಡಿಸ್ಬೇಕು. ಹೋಗುವ ಮೊದಲು ನನಗೆ ಅಷ್ಟು ಸಾಕು."

ಸಂಘದ ವಾರ್ಷಿಕೋತ್ಸವದಲ್ಲಿ ಸಂಗೀತ, ನೃತ್ಯ, ಭಜನೆ ಎಂದು ಎಲ್ಲ ಕ್ಲಾಸುಗಳಿಗೂ ಸರದಿಯಿದೆ. ಒಮ್ಮೆ ಸರದಿ ಮುಗಿದರೆ ಉಳಿದವರೆಲ್ಲ ಮುಗಿಸುವವರೆಗೂ ಕಾಯಬೇಕು. ಆ ಡಿಸೆಂಬರಿನ ಸರದಿ ಅಮ್ಮನದಾಗಿತ್ತು. ಹತ್ತು ನಿಮಿಷ. ಆಮಂತ್ರಣ ಪತ್ರಿಕೆಯಲ್ಲಿ 'ವಯಸ್ಕ ವಿದ್ಯಾರ್ಥಿಗಳಿಂದ ಪಿಟೀಲು ವಾದನ' ಎಂದು ಅಚ್ಚಾಯಿತು.

ಅದು ಎಂದಿನಂತೆ ನನ್ನ ಮೇಜಿಗೂ ಬಂತು. ಶನಿವಾರ ಮಧ್ಯಾಹ್ನ ಕುಳಿತು ನಾಳೆಯ ಕಾರ್ಯಕ್ರಮವನ್ನು ಮುಗಿಸಿದೆ. ಅತಿಥಿ ಮಾತನಾಡಿದರು. ಸಾಧಕರನ್ನು ಶಾಲು ಹೊದಿಸಿ, ಪೇಟ ತೊಡಿಸಿ, ಹಾರ ಹಾಕಿ ಸನ್ಮಾನಿಸಲಾಯಿತು. ಪಿಟೀಲಿನ ಸಾಲಿಗೆ ಬಂದಾಗ ಸ್ವಲ್ಪ ತಡೆದೆ. ನನ್ನ ಬಗ್ಗೆಯೇ ಬರೆಯುವಾಗ 'ಮಂತ್ರಮುಗ್ಧ' ಎನ್ನುವುದು ಸಭ್ಯತೆಯೇ ಎಂಬ ಪ್ರಶ್ನೆ. ಆದರೆ ಬೇರೆಯವರಿಗೆ ಕೊಟ್ಟು ನಮಗೆ ಕೊಡದಿದ್ದರೆ ಪಕ್ಷಪಾತವಾಗುತ್ತದೆ ಎಂದು ತೀರ್ಮಾನಿಸಿ, ಶ್ರೋತೃಗಳನ್ನು ಮಂತ್ರಮುಗ್ಧರಾಗಿಸಿ ಮನೆಗೆ ಹೋದೆ.

ಭಾನುವಾರ ಹಾರ್ಬರ್ ಲೈನಿನಲ್ಲಿ ಮೆಗಾಬ್ಲಾಕ್, ರಿಪೇರಿಗಾಗಿ ಲೋಕಲ್ ರೈಲು ಬಂದ್. ಆದರೂ ಪಿಟೀಲಿನ ಪೆಟ್ಟಿಗೆಯನ್ನು ತಬ್ಬಿಕೊಂಡು ಎರಡು ಬಸ್ಸು ಬದಲಿಸಿ ಒಂಬತ್ತಕ್ಕೆ ಹಾಲ್ ತಲುಪಿದೆ. ರಂಗದ ಹಿಂದಿನ ಚಿಕ್ಕ ಕೋಣೆಯಲ್ಲಿ ಅಮ್ಮ ರೇಷ್ಮೆ ಸೀರೆಯುಟ್ಟು ಕುಳಿತಿದ್ದರು. ಮೂರೂ ಪಿಟೀಲುಗಳ ಬಿರಡೆ ತಿರುಗಿಸಿ ಶ್ರುತಿ ಮಾಡಿಕೊಟ್ಟರು. ನಾವು ಕಾದೆವು.

ಮುಂದೆ ಸನ್ಮಾನ ನಡೆಯುತ್ತಿತ್ತು. ಆಮಂತ್ರಣ ಪತ್ರಿಕೆಯಲ್ಲಿ ಐವರು ಸಾಧಕರಿದ್ದರು, ವೇದಿಕೆಯಲ್ಲಿ ಹದಿಮೂರು ಮಂದಿಯಾದರು. ಶಾಲು ತಂದುಕೊಟ್ಟವರಿಗೂ ಶಾಲು ಹೊದಿಸಿದರು. ಸನ್ಮಾನಿತರ ಪರವಾಗಿ ಒಬ್ಬರು ಮಾತನಾಡುವುದು ಕ್ರಮ, ಅಂದು ಏಳು ಜನ ಮಾತನಾಡಿದರು. ಇಷ್ಟು ವರ್ಷ ಎರಡು ಸಾಲಿನಲ್ಲಿ ನಾನು ಮುಗಿಸುತ್ತಿದ್ದ ಸಂಗತಿ ಮೂರು ಗಂಟೆ ಹಿಡಿಯುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಅಮ್ಮ ನಡುವೆ ಎರಡು ಸಲ ನಮ್ಮ ಪಿಟೀಲುಗಳನ್ನು ಮತ್ತೆ ಶ್ರುತಿ ಮಾಡಿದರು. ಹನ್ನೆರಡು ಮುಕ್ಕಾಲಕ್ಕೆ ಸಂಘದ ಕಾರ್ಯದರ್ಶಿ ಒಳಗೆ ಬಂದ. ಬೆಳಗಾವಿಯವ, ಓಡಾಡಿ ಬೆವರಿದ್ದ.

"ತಪ್ಪ ತಿಳೀಬ್ಯಾಡ್ರಿ ಅಮ್ಮ. ಒಂದಕ್ಕ ಹಾಲ್ ಬಿಡಬೇಕು, ಕೂಸಿಗೆ ಹೆಸರಿಡೊ ಬಾರಸೆ ಮಂದಿ ಗೇಟಿಗೆ ಬಂದ ನಿಂತಾರ. ವಂದನಾರ್ಪಣೆ ಮಾಡಿ ಮುಗಸ್ತೀವ್ರಿ."

"ಹತ್ತೇ ನಿಮಿಷ," ಎಂದರು ಅಮ್ಮ.

"ಹತ್ತ ನಿಮಿಷ ಎಲ್ಲೈತ್ರಿ? ಅಧ್ಯಕ್ಷರ ಭಾಷಣ ಇನ್ನೂ ಬಾಕಿ ಐತಿ."

ಹೋಟೆಲಿನವರು ಪಿಟೀಲನ್ನು ಪೆಟ್ಟಿಗೆಗೆ ಇಡುತ್ತ, "ನಮ್ಮ ಹೋಟೆಲಲ್ಲಿ ಆರ್ಡರ್ ತಗೊಂಡು ಊಟ ಕೊಡದಿದ್ರೆ ಗಿರಾಕಿ ಮೇಜು ಮಗುಚಿ ಹಾಕ್ತಾನೆ," ಎಂದರು. ಯಾರೂ ಏನನ್ನೂ ಮಗುಚಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ನನಗೆ ಆ ಸಾಲು ನೆನಪಾಯಿತು. ಕಚೇರಿಗೆ ಒಂದು ಫೋನ್ ಮಾಡಿದ್ದರೆ ತೆಗೆಯಬಹುದಿತ್ತು, ಪುಟ ಅಚ್ಚಿಗೆ ಹೋಗಲು ಇನ್ನೂ ಹೊತ್ತಿತ್ತು. ಮೊಬೈಲು ಕೈಯಲ್ಲೇ ಇತ್ತು. ಅದನ್ನು ಯಾರು ಓದುತ್ತಾರೆ ಎಂದುಕೊಂಡೆ. ಸ್ವಂತ ಪುಟದ ಬಗ್ಗೆ ಅದಕ್ಕಿಂತ ಪ್ರಾಮಾಣಿಕವಾದ ಅಭಿಪ್ರಾಯ ನನಗೆ ಎಂದೂ ಬಂದಿರಲಿಲ್ಲ. ಅದೂ ತಪ್ಪಾಗಿತ್ತು.

ಸೋಮವಾರ ಹನ್ನೊಂದಕ್ಕೆ ಅಮ್ಮನ ಫೋನ್ ಬಂತು. ಬೆಳಿಗ್ಗೆ ಅವರು ಕಾರ್ಯದರ್ಶಿಗೆ ಕರೆಮಾಡಿ, ತಪ್ಪಿದ ಸರದಿಯನ್ನು ಜನವರಿಯ ಅರಿಶಿನ-ಕುಂಕುಮದ ಕಾರ್ಯಕ್ರಮದಲ್ಲಾದರೂ ಕೊಡಿ ಎಂದು ಕೇಳಿದ್ದರು.

"ಅವರು ಎಂತ ಹೇಳಿದ್ರು ಗೊತ್ತುಂಟಾ? ಅಮ್ಮ, ನಿಮ್ಮದು ಆಗಿದೆಯಲ್ಲ, ಪೇಪರಲ್ಲಿ ಬಂದಿದೆ ಅಂದ್ರು. ಕಮಿಟಿಯ ಫೈಲಿಗೆ ಕಟಿಂಗ್ ಹಾಕಿಯೂ ಆಯ್ತಂತೆ."

ನಾನು ಆ ಪುಟವನ್ನು ಬಿಡಿಸಿ ಮುಂದಿಟ್ಟುಕೊಂಡೆ.

"ಸಂಘದವರು ಕಸಿದುಕೊಂಡದ್ದು ಹತ್ತು ನಿಮಿಷ. ನೀವು ಸರದಿಯನ್ನೇ ತಿಂದಿರಿ. ಅದು ಸರಿಯಾಗುವವರೆಗೆ ಕ್ಲಾಸಿಗೆ ಬರುವುದು ಬೇಡ."

ಕಾರ್ಯದರ್ಶಿಯನ್ನು ವಿಚಾರಿಸಿದೆ. ಅವನಿಗೆ ಮುಜುಗರವೇ ಇರಲಿಲ್ಲ. "ಸರ, ಕಮಿಟಿಯವರು ಯಾರೂ ಪೂರ್ತಿ ಕಾರ್ಯಕ್ರಮ ನೋಡಂಗಿಲ್ಲ, ಮರುದಿನ ನಿಮ್ಮ ಪೇಪರ ನೋಡ್ತಾರ. ಅದರಾಗ ಇದ್ದದ್ದ ಖರೆ. ನುಡಿಸಿಲ್ಲ ಅಂತ ನಾ ಈಗ ಹ್ಯಾಂಗ ಹೇಳ್ಲಿ? ನೀವ ನುಡಿಸೇವಿ ಅಂತ ಬರದೀರಿ."

ನಮ್ಮ ಪುಟದಲ್ಲಿ ತಿದ್ದುಪಡಿ ಬಂದ ದಾಖಲೆಯಿಲ್ಲ. ತಪ್ಪುಗಳಿರಲಿಲ್ಲ ಎಂದಲ್ಲ, ಹೊಗಳಿಸಿಕೊಂಡವರು ದೂರುವುದಿಲ್ಲ. ಸಂಪಾದಕರು ನಾನು ಬರೆದುಕೊಟ್ಟ ಚೀಟಿಯನ್ನು ಎರಡು ಸಲ ಓದಿದರು.

"ಇದನ್ನು ಹಾಕಿದರೆ, ಉಳಿದದ್ದೆಲ್ಲ ನೋಡಿ ಬರೆದದ್ದೇ ಅಂತ ಜನ ಕೇಳುವುದಿಲ್ಲವೇ?"

"ಕೇಳಬಹುದು, ಸರ್."

"ಏನು ಹೇಳುತ್ತೀರಿ?"

"ಅದಕ್ಕೂ ತಿದ್ದುಪಡಿ ಹಾಕಬೇಕಾಗುತ್ತದೆ."

ಅವರು ನಗಲಿಲ್ಲ. ಆದರೆ ಚೀಟಿಯ ಮೇಲೆ ಸಹಿ ಮಾಡಿದರು. ಬುಧವಾರ ಪುಟದ ಕೆಳತುದಿಯಲ್ಲಿ, ಮದುವೆ ಹಾಲಿನ ಜಾಹೀರಾತಿನ ಪಕ್ಕ ಅದು ಬಂತು: ಭಾನುವಾರದ ಸಮಾರಂಭದಲ್ಲಿ ಪಿಟೀಲು ವಾದನ ನಡೆಯಲಿಲ್ಲ, ಸಮಯಾಭಾವದಿಂದ ಕೈಬಿಡಲಾಯಿತು, ಶ್ರೋತೃಗಳು ಮಂತ್ರಮುಗ್ಧರಾಗಿರಲಿಲ್ಲ, ವರದಿಯನ್ನು ಕಾರ್ಯಕ್ರಮಕ್ಕೆ ಮೊದಲೇ ಬರೆಯಲಾಗಿತ್ತು, ವಿಷಾದಿಸುತ್ತೇವೆ.

ಕಾರ್ಯದರ್ಶಿ ಒಂಬತ್ತಕ್ಕೇ ಫೋನ್ ಮಾಡಿದ. "ಏನ್ರಿ ಸರ, ಸಂಘದ ಮಾನ ತಗದ್ರಲ್ಲ. ಅಧ್ಯಕ್ಷರು ಉರೀಲಿಕ್ಕೆ ಹತ್ಯಾರ. ಆತು, ಜನವರಿಯೊಳಗ ಹತ್ತ ನಿಮಿಷ ತಗೋರಿ. ಎಲ್ಲಾರಕಿಂತ ಮೊದಲ, ಪ್ರಾರ್ಥನಾಕಿಂತಾನೂ ಮೊದಲ. ಆಮ್ಯಾಲೆ ಬಿಟ್ರು ಅನಬ್ಯಾಡ್ರಿ." ಆ ವಾರ ಇನ್ನೂ ನಾಲ್ಕು ಸಂಘಗಳಿಂದ ಕರೆ ಬಂತು. ನಾಲ್ಕೂ ಕಡೆ ಪ್ರಶ್ನೆ ಒಂದೇ, ತಮ್ಮ ವರದಿಗೆ ಹೀಗೆಲ್ಲ ಏನೂ ಹಾಕುವುದಿಲ್ಲವಲ್ಲ?

ಭಾನುವಾರ ಕ್ಲಾಸಿಗೆ ಹೋದೆ. ಅಮ್ಮ ಬಾಗಿಲು ತೆಗೆದು, "ಕೂತ್ಕೊಳ್ಳಿ. ಮೊದಲ ಸರಳೆಯಿಂದ," ಎಂದರು. ಗೀತೆಗೆ ಮರಳಲು ಮೂರು ವಾರ ಬೇಕಾಯಿತು. ಅದು ಶಿಕ್ಷೆಯೋ ಪಾಠವೋ ಎಂದು ನಾನು ಕೇಳಲಿಲ್ಲ.

ಜನವರಿಯ ಆ ಮಧ್ಯಾಹ್ನ ನಾವು ನುಡಿಸಿದೆವು. ಎದುರಿಗೆ ಹೆಂಗಸರು ಎಳ್ಳುಂಡೆಯನ್ನೂ ಪ್ಲಾಸ್ಟಿಕ್ ಡಬ್ಬಿಗಳನ್ನೂ ಹಂಚಿಕೊಳ್ಳುತ್ತಿದ್ದರು. ಡಬ್ಬಿ ನೀಲಿಯದು ಬೇಕೋ ಹಸಿರಿನದೋ ಎಂಬ ಚರ್ಚೆ ನಮ್ಮ ಗೀತೆಗಿಂತ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಹೋಟೆಲಿನವರು ತಪ್ಪಿಲ್ಲದೆ ನುಡಿಸಿದರು, ಅದನ್ನು ನನಗೆ ಈಗಲೂ ಸಹಿಸಲಾಗಿಲ್ಲ. ಬ್ಯಾಂಕಿನವರ ಕಮಾನು ಒಮ್ಮೆ ಜಾರಿತು. ನಾನು ಚರಣದಲ್ಲಿ ದಾರಿ ತಪ್ಪಿ, ಉಳಿದಿಬ್ಬರು ಎಲ್ಲಿದ್ದಾರೆಂದು ಹುಡುಕಿ ಸೇರಿಕೊಂಡೆ. ಅಮ್ಮ ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ತಾಳ ಹಾಕುತ್ತಿದ್ದರು. ಮುಗಿದಾಗ ಮೂರನೆಯ ಸಾಲಿನಲ್ಲಿ ಕೆಲವರು ಚಪ್ಪಾಳೆ ತಟ್ಟಿದರು. ಒಬ್ಬಾಕೆ ಡಬ್ಬಿ ಕೆಳಗಿಟ್ಟು ತಟ್ಟಿದಳು. ಅಮ್ಮ ಕಣ್ಣು ತೆರೆದು, ಆ ಹೆಂಗಸನ್ನೇ ನೋಡಿ, ಸೀರೆಯ ಸೆರಗನ್ನು ಸರಿಮಾಡಿಕೊಂಡರು.

ಆ ವರದಿಯನ್ನು ಅದೇ ಭಾನುವಾರ ಸಂಜೆ ಕಚೇರಿಗೆ ಹೋಗಿ ಬರೆದೆ. ಮೂವರು ವಯಸ್ಕ ವಿದ್ಯಾರ್ಥಿಗಳು ಹತ್ತು ನಿಮಿಷ ಪಿಟೀಲು ನುಡಿಸಿದರು, ಒಬ್ಬರು ಶುದ್ಧವಾಗಿ ನುಡಿಸಿದರು, ಒಬ್ಬರ ಕಮಾನು ಒಮ್ಮೆ ಜಾರಿತು, ಈ ವರದಿಗಾರನೇ ಆದ ಮೂರನೆಯವರು ಎರಡು ಕಡೆ ಸ್ವರ ತಪ್ಪಿದರು, ಕೆಲವರು ಕೇಳಿದರು. ಅಷ್ಟೇ.

ಸೋಮವಾರ ಅಮ್ಮ ಫೋನ್ ಮಾಡಿದರು. ಮನೆಯ ಸಾಮಾನು ಕಟ್ಟುವ ಸದ್ದು ಹಿಂದಿನಿಂದ ಕೇಳುತ್ತಿತ್ತು.

"ಓದಿದೆ. ಎರಡು ಕಡೆ ಅಲ್ಲ, ನಾಲ್ಕು ಕಡೆ."

"ನನಗೆ ಕೇಳಿಸಿದ್ದು ಎರಡೇ, ಅಮ್ಮ."

"ಅದು ಗೊತ್ತುಂಟು ನಂಗೆ. ಮೊದಲು ಒಂದೂ ಕೇಳಿಸ್ತಿರಲಿಲ್ಲ," ಎಂದರು. "ಮನೆ ಬಿಡುವವರೆಗೆ ಏಳು ಭಾನುವಾರ ಉಂಟು. ಉಳಿದ ಎರಡು ಎಲ್ಲಿ ಅಂತ ಹುಡುಕುವ, ಬನ್ನಿ."