ಅವ್ವನ ಕೌದಿ, ಮಗಳ ಸೀನು

ಮಗಳ ಸೀನುಗಳನ್ನು ನಾನು ಅಡುಗೆಮನೆಯಿಂದಲೇ ಎಣಿಸುತ್ತಿದ್ದೆ. ಬೈಲಹೊಂಗಲದ ಮನೆಯಲ್ಲಿ ಅವಳು ಎದ್ದು ಕೂತಳೆಂದರೆ, ಚಹಾ ಕುದಿ ಬರುವಷ್ಟರಲ್ಲಿ ಹನ್ನೊಂದು, ಹನ್ನೆರಡು. ಒಂದನೇ ತರಗತಿಯ ಮಗು. ಉಜ್ಜಿ ಉಜ್ಜಿ ಮೂಗಿನ ಮೇಲೆ ಅಡ್ಡಗೆರೆಯೇ ಮೂಡಿತ್ತು. ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಮಾಡುತ್ತಿದ್ದಂತೆ ಅವಳ ಎದೆಗೊಂದು ಕರವಸ್ತ್ರ ಪಿನ್ನು ಮಾಡಿ ಕಳಿಸುತ್ತಿದ್ದೆ. ಮಧ್ಯಾಹ್ನ ಅದು ಒದ್ದೆಯಾಗಿ ಮರಳುತ್ತಿತ್ತು.

ನೆಗಡಿಯೆಂದೇ ತಿಳಿದು ದಿನವೂ ಕೌದಿಯನ್ನು ಮೂಗಿನವರೆಗೆ ಎಳೆದು ಹೊದಿಸುತ್ತಿದ್ದೆ. ರಾಮದುರ್ಗದಲ್ಲಿ ನನ್ನ ಅವ್ವ ತನ್ನ ಹಳೆಯ ಸೀರೆಗಳನ್ನು ಪದರಪದರವಾಗಿಟ್ಟು ಹೊಲಿದ ಕೌದಿ. ಕೌದಿ ಹಸಿದಿರಬಾರದೆಂದು ಕೊನೆಯ ಮೂಲೆ ಮುಚ್ಚುವ ಮುನ್ನ ಹೋಳಿಗೆಯ ಚೂರೊಂದನ್ನು ಒಳಗಿಟ್ಟಿದ್ದಳು. ಅವಳು ತೀರಿಕೊಂಡ ಮೇಲೆ, ಅವಳ ವಾಸನೆ ಹೋದೀತೆಂದು, ನಾನು ಅದನ್ನು ಒಮ್ಮೆಯೂ ಒಗೆದಿರಲಿಲ್ಲ.

ಡಾಕ್ಟರರು ಮೂಗಿನೊಳಗೆ ಬ್ಯಾಟರಿ ಬಿಟ್ಟು ನೋಡಿದರು. “ನೆಗಡಿ ಅಲ್ರಿ, ಅಲರ್ಜಿ. ಮೂಗಿನ ಒಳಪದರ ಐತಲ್ರಿ, ಹುಟ್ಟಿದಾಗಿಂದ ಅದು ಕಾವಲು ಕಾಯತೈತಿ, ಯಾರೂ ಕಲಿಸಬೇಕಾಗಿಲ್ಲ. ಹಾಸಿಗಿ ಧೂಳಿನ್ಯಾಗಿನ ಹುಳದ ಹಿಕ್ಕಿ ತಾಗಿ ಕೆರದ್ರ ಮೊದಲು ಅದ ಬೊಬ್ಬಿ ಹೊಡಿತೈತಿ. ಮೈಯಾಗಿನ ಉಳಿದ ಕಾವಲು ಮಂದಿ ಆಮ್ಯಾಲೆ ಓಡಿ ಬರತಾರ. ನಿಮ್ಮ ಮಗಳ ಕಾವಲುಗಾರ ಸ್ವಲ್ಪ ಗಾಬರಿ ಗಿರಾಕಿ.”

ನಾನು ನಗುವಷ್ಟರಲ್ಲಿ ಕೇಳಿದರು: “ಏನ್ ಹೊದಸ್ತೀರಿ?”

“ಕೌದಿರೀ.”

“ಯಾವಾಗ ಒಗದೀರಿ?”

ಪರ್ಸಿನ ಜಿಪ್ಪು ಎಳೆಯುತ್ತ ಕುಳಿತೆ.

“ಕುದಿಯೋ ನೀರಾಗ ಹಾಕ್ರಿ. ಹಿಂಗ ಬಿಟ್ರ ಉಬ್ಬಸಕ್ಕ ತಿರುಗಬಹುದು.”

ಮನೆಗೆ ಬಂದು ಹೇಳಿದರೆ ಅತ್ತೆ ನಕ್ಕರು. “ನಿಮ್ಮವ್ವ ಕೌದಿ ಹೊಟ್ಟಿ ತುಂಬಿಸಿದ್ಲಲ್ಲ, ಹುಳಾ ಉಂಡು ತೇಗಾಕ ಹತ್ಯಾವ ನೋಡು!”

ಎರಡು ದಿನ ಕೌದಿಯನ್ನು ಟ್ರಂಕಿಗೆ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. “ಆಯಿ ಕೌದಿ ಬೇಕು” ಎಂದು ಮಗಳು ಅಜ್ಜಿಯ ಕೌದಿಗಾಗಿ ಅತ್ತಾಗ ತೆಗೆದುಕೊಟ್ಟೆ. ಮರುದಿನ ಬೆಳಿಗ್ಗೆ ಸೀನಿ ಸೀನಿ ಅವಳ ಮೂಗಿನಿಂದ ರಕ್ತ ಬಂತು.

ಬಚ್ಚಲ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಅತ್ತೆ ಈಗ ನಗುತ್ತಿರಲಿಲ್ಲ. “ನಾ ಹಾಕತೇನಿ ಬಿಡವಾ, ನೀ ಒಳಗ ಹೋಗು.”

“ಬ್ಯಾಡ್ರಿ, ನಾನ ಹಾಕತೇನಿ.”

ಕೊನೆಯ ಸಲ ಮುಖ ಹುದುಗಿಸಿ ಮೂಸಿದೆ. ಸೀಗೆಪುಡಿ, ಎಲೆಅಡಿಕೆ, ಅವ್ವ. ನನಗೂ ಸೀನು ಬಂತು. ಕೌದಿಯನ್ನು ನೀರಿಗೆ ಬಿಟ್ಟೆ. ಕೆಂಪು ಸೀರೆಯ ಬಣ್ಣ ಮೊದಲು ಬಿಟ್ಟಿತು.

ಎರಡು ದಿನ ಮಾಳಿಗೆಯ ಬಿಸಿಲಲ್ಲಿ ಒಣಗಿಸಿ ಮತ್ತೆ ಹೊದಿಸಿದೆ. ಅದಕ್ಕೀಗ ಸೋಪಿನ ವಾಸನೆ ಮಾತ್ರ. ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಮಗಳು ಎದ್ದಳು. ಒಂದು, ಎರಡು, ಮೂರು. ಕಿವಿಗೊಟ್ಟು ನಿಂತೆ. ನಾಲ್ಕನೆಯದು ಬರಲಿಲ್ಲ. ಕಾಯುತ್ತಲೇ ಇದ್ದೆ, ಚಹಾ ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು.