ಮುಡಿಯೊಳಗಿನ ಸಾಲ

ಪುತ್ತೂರಿನ ಕಡೆಯ ಆಲಂಕಾರಿನಲ್ಲಿ ನನಗೊಂದು ಬಾಡಿಗೆ ಸೈಕಲ್ ಅಂಗಡಿ ಇತ್ತು. ಅರುವತ್ತರ ದಶಕದ ಮೊದಲ ವರ್ಷಗಳಲ್ಲಿ, ಒಂದು ಆಟಿ ತಿಂಗಳ ಮಳೆಗಾಳಿಗೆ, ಪಕ್ಕದ ಮಾವಿನ ಮರ ಅಂಗಡಿಯ ಮೇಲೆ ಮಲಗಿತು. ಐದು ಸೈಕಲ್‌ಗಳೂ ಚಪ್ಪಟೆ. ಆ ಮರ ಬೀಳಬಹುದೆಂದು ನಾನು ಮೂರು ವರ್ಷ ಚಿಂತಿಸಿದ್ದೆ. ಚಿಂತಿಸಿದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ.

ಕಷ್ಟಕ್ಕೆ ಸಿಕ್ಕಿದ ಸಣ್ಣ ಉದ್ಯೋಗಗಳಿಗೆ ಪುತ್ತೂರಿನ ಬ್ಲಾಕ್ ಆಫೀಸಿನಲ್ಲಿ ಸರಕಾರಿ ಸಾಲ ಉಂಟೆಂದು ತಿಳಿದುಕೊಂಡು ಬಂದು, ನನ್ನಿಂದ ಅರ್ಜಿ ಹಾಕಿಸಿದವಳು ನನ್ನ ಹೆಂಡತಿ. ಸಾಲ ಮಂಜೂರಾಯಿತು. ಮೂರು ತಿಂಗಳೊಳಗೆ ಸೈಕಲ್ ಕೊಂಡು ತೋರಿಸಬೇಕು, ಇಲ್ಲವಾದರೆ ಹಣ ವಾಪಸು.

ನೋಟುಗಳು ಮನೆಗೆ ಬಂದ ದಿನದಿಂದ ನನಗೆ ಊಟ ಸೇರಲಿಲ್ಲ. ಕೊಂಡ ಸೈಕಲ್ ಕಳವಾದರೆ? ಇನ್ನೊಂದು ಮರ ಬಿದ್ದರೆ? ಸರಕಾರವೆಂದರೆ ಪೊಲೀಸರೂ ಹೌದಲ್ಲ. ಕೊನೆಗೆ ಹಣವನ್ನು ಡಬ್ಬಿಯಲ್ಲಿ ಹಾಕಿ, ಅಕ್ಕಿಯ ನಡುವೆ ಹುಗಿದು, ಬೈಹುಲ್ಲಿನಲ್ಲಿ ಮುಡಿ ಕಟ್ಟಿ ಅಟ್ಟಕ್ಕೇರಿಸಿದೆ. ಹುಲ್ಲಿನ ಹಗ್ಗ ಬಿಚ್ಚದೆ ಮುಡಿಯಿಂದ ಒಂದು ಕಾಳೂ ಹೊರಗೆ ಬಾರದು. ಹೆಂಡತಿಗೆ, ಪುತ್ತೂರಿನಲ್ಲಿ ಸೈಕಲ್ ನೋಡಿಟ್ಟಿದ್ದೇನೆ ಎಂದೆ. ಅವಳು ಬೀಡಿ ಕಟ್ಟಿ ಮನೆ ನಡೆಸುತ್ತಿದ್ದಳು.

ಗಡುವಿಗೆ ಎರಡು ದಿನ ಇರುವಾಗ ಬ್ಲಾಕ್ ಆಫೀಸಿನ ಅಧಿಕಾರಿ ಬಸ್ಸಿಳಿದು ಮನೆಗೇ ಬಂದರು. ಸಣ್ಣ ಆಳು, ದೊಡ್ಡ ಕೊಡೆ.

"ಸೈಕಲ್ ಎಲ್ಲಿ?"

"ಸೈಕಲ್ ಇಲ್ಲ. ಹಣ ಭದ್ರ ಉಂಟು," ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. ಮುಡಿ ಇಳಿಸಿ ಬಿಚ್ಚಿದೆ. ಅಕ್ಕಿ ಚಾವಡಿ ತುಂಬ ಹರಡಿತು.

ಅವರು ಡಬ್ಬಿ ತೆರೆದು ನೋಟು ಎಣಿಸಿದರು. "ಭದ್ರ ಮಾಡ್ಲಿಕ್ಕೆ ಸರಕಾರಕ್ಕೆ ಖಜಾನೆ ಉಂಟು ಮಾರಾಯ್ರೆ. ನಿಮ್ಮ ಮುಡಿ ಎಂತಕ್ಕೆ?"

"ಇವರಿಗೆ ಹಣ ಕೊಡ್ಬಾರ್ದಿತ್ತು," ಎಂದಳು ಹೆಂಡತಿ, ಅಕ್ಕಿ ಗುಡಿಸುತ್ತ. "ಸೈಕಲ್ಲೇ ಕೊಟ್ಟು ಹೋಗ್ಬೇಕಿತ್ತು. ಅದನ್ನೂ ಮುಡಿ ಕಟ್ತಿದ್ರೋ ಏನೋ."

ಅಂದೇ ಹಣ ವಾಪಸು ಬರೆದುಕೊಂಡು ಹೋಗಿದ್ದರೆ ಅವರ ಕೆಲಸ ಮುಗಿಯುತ್ತಿತ್ತು, ನನ್ನ ಅಂಗಡಿಯೂ ಮುಗಿಯುತ್ತಿತ್ತು. ಅವರು ಹಾಗೆ ಮಾಡಲಿಲ್ಲ. "ನಾಳೆ ಮೊದಲ ಬಸ್ಸಿಗೆ ಬನ್ನಿ. ಸೈಕಲ್ ಅಂಗಡಿಗೆ ಇಬ್ಬರೂ ಹೋಗುವ," ಎಂದರು.

ಮರುದಿನ ಪುತ್ತೂರಿನ ಹಳೆ ಸೈಕಲ್ ಅಂಗಡಿಯಲ್ಲಿ ನಾನು ಒಂದೊಂದು ಸೈಕಲ್ಲಿಗೂ ಒಂದೊಂದು ಅಪಘಾತ ಕಲ್ಪಿಸಿದೆ. ಬ್ರೇಕು ಹೋದರೆ, ಫೋರ್ಕು ಮುರಿದರೆ. ಅಧಿಕಾರಿ ಪ್ಯಾಂಟಿನ ಕಾಲು ಮಡಚಿ, ಊಟದ ಹೊತ್ತಿನ ಬಿಸಿಲಲ್ಲಿ ಒಂದೊಂದನ್ನೂ ಪೇಟೆಯ ಏರಿನಲ್ಲಿ ತುಳಿದು ನೋಡಿದರು. ಒಂದರಿಂದ ಬಿದ್ದರು. ಎದ್ದು ಮಣ್ಣು ಕೊಡವಿ, "ಇದು ಬೇಡ," ಎಂದರು. ನಾಲ್ಕು ಆಯ್ದು, ರಶೀದಿ ಬರೆಸಿ, ತಾವೇ ನಿಂತು ಬಸ್ಸಿನ ಮೇಲೆ ಕಟ್ಟಿಸಿದರು. ಕಾಫಿಗೆ ಕರೆದರೆ ಬರಲಿಲ್ಲ. "ಸಾಲ ತೀರಲಿ, ಆಗ ಕುಡಿವ."

ಸರಕಾರಕ್ಕೆ ಮೊಣಕೈ ತರಚುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಈಗಲೂ ಯಾರಾದರೂ ಸರಕಾರವನ್ನು ಬೈಯುವಾಗ ನಾನೂ ಸೇರಿಕೊಳ್ಳುತ್ತೇನೆ, ಆದರೆ ಸ್ವಲ್ಪ ಮೆಲ್ಲಗೆ.

ಸೈಕಲ್ ಬಂದ ಮಾರನೇ ಬೆಳಿಗ್ಗೆ, ಸೋಗೆ ಹೊದೆಸಿ ಮತ್ತೆ ನಿಲ್ಲಿಸಿದ್ದ ಅಂಗಡಿಯ ಮುಂದೆ ಒಬ್ಬ ಗಿರಾಕಿ ಆಗಲೇ ಕಾದಿದ್ದ. ಕಡಬಕ್ಕೆ ಹೋಗಬೇಕಂತೆ. ನಾನು ದಾರಿ ಜಾರುತ್ತದೆ ಎನ್ನುವಷ್ಟರಲ್ಲಿ ಹೆಂಡತಿ ಸೈಕಲ್ ತಂದು ಅವನ ಕೈಗೆ ಕೊಟ್ಟಾಗಿತ್ತು. ಅವನು ಹಿಂದೆ ಬರುವ ತನಕ ನಾನು ರಸ್ತೆ ಬದಿಯಲ್ಲೇ ನಿಂತಿದ್ದೆ. ಅಷ್ಟರಲ್ಲಿ ಉಳಿದ ಮೂರನ್ನೂ ಅವಳು ಬಾಡಿಗೆಗೆ ಕಳಿಸಿದ್ದಳು.