ವಾರಕ್ಕೊಂದು ದೇಶ

ನನ್ನ ತಮ್ಮ ಡ್ವೈಟ್‌ನ ಹೆಂಡತಿ ಟ್ವೈಲಾ ಮಿಸೌರಿ ರಾಜ್ಯದ ಗಡಿ ದಾಟಿದ್ದು ಎರಡೇ ಸಲ. ಎರಡು ಸಲವೂ ಪಕ್ಕದ ಅರ್ಕನ್ಸಾಸ್‌ಗೆ, ಎರಡು ಸಲವೂ ಯಾರದೋ ಮಣ್ಣಿಗೆ. ಆದರೆ ಸೋಮವಾರ ಬಂತೆಂದರೆ ಅವಳ ಅಡುಗೆಮನೆಗೆ ಹೊಸದೊಂದು ದೇಶ ಬಂದು ಕೂರುತ್ತಿತ್ತು. ಹಿಟ್ಟಿಗೆ ಉಪ್ಪು ಕಲಸಿ ಹಲಗೆಯ ಮೇಲೆ ಆ ದೇಶದ ಬೆಟ್ಟ, ನದಿ ಮಾಡುವುದು, ಬಾವುಟಕ್ಕೆ ಬಣ್ಣ ಬಳಿಯುವುದು, ಅಲ್ಲಿಯ ಜನ ಏನು ಉಡುತ್ತಾರೆ, ಏನು ಬೆಳೆಯುತ್ತಾರೆ ಎಂದು ಹೇಳಿಕೊಡುವುದು. ಶುಕ್ರವಾರ ರಾತ್ರಿ ಆ ದೇಶದ ಊಟ, ಊಟಕ್ಕೆ ಮೊದಲು ಆ ದೇಶದ ಜನಕ್ಕಾಗಿ ಪ್ರಾರ್ಥನೆ. ಇದು ಅವಳ ಮನೆಶಾಲೆ, ಶಾಲೆಗೆ ಕಳಿಸದೆ ಮನೆಯಲ್ಲೇ ಪಾಠ. ವಿದ್ಯಾರ್ಥಿಗಳು ಇಬ್ಬರು, ಮಗ ಏಸಾ, ಮಗಳು ಕೆಜಾಯಾ.

ಶುಕ್ರವಾರ ಡ್ವೈಟ್ ದನದ ದಾಣಿ ಮಾಡುವ ಮಿಲ್ಲಿನಿಂದ ಬಂದವನೇ ಟೋಪಿ ಕೊಡವುತ್ತ ಕೇಳುತ್ತಿದ್ದ, "ಈ ವಾರ ನನ್ನ ಹೊಟ್ಟೆ ಮೇಲೆ ಯಾವ ದೇಶದವರು ದಂಡೆತ್ತಿ ಬಂದಿದಾರೆ?" ಪಾಪ, ಅವನು ಗ್ರೇವಿ ಬಿಟ್ಟು ಬೇರೆ ಸಾರು ಕಂಡವನಲ್ಲ.

ಟ್ವೈಲಾಗೆ ಈ ಹುಚ್ಚು ಹಿಡಿದದ್ದು ಹದಿನಾರನೇ ವಯಸ್ಸಿನಲ್ಲಿ. ಒಂದು ಭಾನುವಾರ ನಮ್ಮ ಬ್ಯಾಪ್ಟಿಸ್ಟ್ ಚರ್ಚಿನ ಸಭೆಯ ಮುಂದೆ ನಡೆದು ಹೋಗಿ, ತಾನು ಸುವಾರ್ತೆ ಹೊತ್ತು ಆಫ್ರಿಕಾಕ್ಕೆ ಹೋಗುವವಳು ಎಂದು ಅಳುತ್ತ ಹರಕೆ ಕಟ್ಟಿಕೊಂಡಿದ್ದಳು. ಮೂರು ವರ್ಷದ ಮೇಲೆ ನಮ್ಮ ಡ್ವೈಟ್‌ನ ಕೈಗೆ ಸಿಕ್ಕಿಬಿದ್ದಳು. ಹರಕೆ ಹಾಗೇ ಉಳಿಯಿತು. "ನಾನು ಹೋಗಲಿಲ್ಲ ನೋರೀನ್, ನನ್ನ ಮಕ್ಕಳು ಹೋಗ್ತಾರೆ," ಎಂದು ನನ್ನ ಹತ್ತಿರ ಹೇಳುತ್ತಿದ್ದಳು. ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸುವ ಮಾತೇ ಇರಲಿಲ್ಲ. ಅಲ್ಲಿ ದೇವರನ್ನು ಬಾಗಿಲ ಹೊರಗೆ ನಿಲ್ಲಿಸಿದ್ದಾರಂತೆ. ನಾನು ಅದೇ ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದು ತಲೆ ಬೆಳ್ಳಗೆ ಮಾಡಿಕೊಂಡವಳು. "ಕಿಟಕಿಯಿಂದ ಬರ್ತಾನೆ ಬಿಡು," ಅಂದಿದ್ದೆ. "ನನ್ನ ಅಡುಗೆಮನೆ ಕಿಟಕಿ ಯಾವಾಗ್ಲೂ ತೆಗೆದೇ ಇರುತ್ತೆ." ಅವಳು ನಗಲಿಲ್ಲ.

ಅವಳು ಕೆಟ್ಟವಳಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ತಾಯಿ ಹಾಸಿಗೆ ಹಿಡಿದಾಗ ಹೇಸದೆ ಮೈ ಒರೆಸಿದವಳು ಅವಳು, ಹೆತ್ತ ಮಗಳಾದ ನಾನಲ್ಲ. ಏಸಾಗಂತೂ ಅವಳು ಜೀವ ಬಿಡುತ್ತಿದ್ದಳು. ಆ ಹುಡುಗನೂ ಹಾಗೇ ಇದ್ದ. ಹತ್ತು ವರ್ಷಕ್ಕೆ ಯಾವ ದೇಶ ಕೇಳಿದರೂ ರಾಜಧಾನಿ, ನದಿ, ಅಕ್ಕಪಕ್ಕದ ದೇಶ ಎಲ್ಲ ನಾಲಿಗೆ ತುದಿಯಲ್ಲಿ. ಮಾತು ಶುರು ಮಾಡಿದರೆ ದೊಡ್ಡವರು ಕಾಫಿ ಆರಲು ಬಿಟ್ಟು ಕೇಳುತ್ತಿದ್ದರು.

ಬರದೇ ಇದ್ದದ್ದು ಓದು. ಟ್ವೈಲಾ ಅಕ್ಷರ ಹೇಳಿಕೊಡಲು ಕೂತರೆ ಅವನು ಬೆವರುತ್ತಿದ್ದ, ಪುಸ್ತಕ ಎಸೆಯುತ್ತಿದ್ದ, ಹೊಟ್ಟೆನೋವು ಅನ್ನುತ್ತಿದ್ದ. ಮೇಜಿನ ಆಚೆ ಬದಿಯಲ್ಲಿ ಕೂತಿರುತ್ತಿದ್ದ ಕೆಜಾಯಾ ಮಾತ್ರ ಯಾರೂ ಕಲಿಸದೆ ಕಲಿತುಬಿಟ್ಟಳು. ಮೊದಲಲ್ಲಿ ಅವಳಿಗೆ ಪುಸ್ತಕ ತಲೆಕೆಳಗಾಗಿ ಹಿಡಿದರಷ್ಟೇ ಓದಲು ಬರುತ್ತಿತ್ತು. ಆಮೇಲೆ ಅವಳೇ ಅಣ್ಣನಿಗೆ ಕಣ್ಣಾದಳು. ಅವಳು ಒಂದು ಸಲ ಪಿಸುಗುಟ್ಟಿದರೆ ಸಾಕು, ಅವನಿಗೆ ಪುಟವೆಲ್ಲ ಬಾಯಿಪಾಠ. ಟ್ವೈಲಾ ಅಕ್ಷರದ ಪುಸ್ತಕ ಮೇಲಿನ ಕಪಾಟಿಗೆ ಎತ್ತಿಟ್ಟು ಮತ್ತೊಂದು ದೇಶ ಶುರು ಮಾಡಿದಳು. ದೇಶಗಳು ಕಿವಿಯಿಂದ ಒಳಗೆ ಹೋಗುತ್ತಿದ್ದವಲ್ಲ.

ನನಗೆ ಇದು ತಿಳಿದದ್ದು ಒಂದು ಕೇಕಿನಿಂದ. ಒಂದು ಭಾನುವಾರ ನಮ್ಮ ಮನೆಯಲ್ಲಿ ನನ್ನ ಕೈ ಹಿಟ್ಟಾಗಿತ್ತು, ಹೊಸದಾಗಿ ತಂದ ಕೇಕ್ ಹಿಟ್ಟಿನ ಡಬ್ಬದ ಮೇಲೆ ಏನೇನು ಹಾಕಬೇಕೆಂದು ಬರೆದಿದೆ, ಓದು ಎಂದು ಏಸಾಗೆ ಹೇಳಿದೆ. ಅವನು ಸಾಲಿನ ಮೇಲೆ ಬೆರಳಿಟ್ಟು, "ಬೆಣ್ಣೆ, ಮೊಟ್ಟೆ, ಹಾಲು, ಸ್ವಲ್ಪ ಉಪ್ಪು," ಎಂದ. ನಾನು ಪ್ರತಿ ವಾರ ಹಾಕುವುದನ್ನೇ ಅದೇ ಕ್ರಮದಲ್ಲಿ ಒಪ್ಪಿಸಿದ್ದ. ಡಬ್ಬದ ಮೇಲೆ ಬೆಣ್ಣೆಯ ಹೆಸರೇ ಇರಲಿಲ್ಲ.

ಮರುದಿನವೇ ಹೋಗಿ ಟ್ವೈಲಾಳನ್ನು ಹಿಡಿದೆ. "ಹುಡುಗನಿಗೆ ಓದೋಕೆ ಬರಲ್ಲ."

"ಗೊತ್ತು," ಎಂದಳು, ಹಿಟ್ಟಿನ ಬೆಟ್ಟ ತಟ್ಟುತ್ತ.

"ಗೊತ್ತಿದ್ದೂ ಸುಮ್ನಿದೀಯಾ?"

"ಆರ್ಲೀಟಾ ಹೇಳಿದ್ರು, ಗಂಡುಮಕ್ಕಳಿಗೆ ತಡ ಆಗುತ್ತೆ ಅಂತ. ಅವರ ಮಗ ಹನ್ನೊಂದಕ್ಕೆ ಓದಿದ್ನಂತೆ. ಕಾಯಿ ಕಿತ್ತು ಹಣ್ಣು ಮಾಡಿದ್ರೆ ಸಿಹಿ ಬರಲ್ಲ ನೋರೀನ್. ದೇವರ ಸಮಯ ಅಂತ ಒಂದಿರುತ್ತೆ."

ಆರ್ಲೀಟಾ ಎಂದರೆ ನಮ್ಮ ಸಭೆಯ ಮನೆಶಾಲೆ ತಾಯಂದಿರ ಗುಂಪಿನ ಯಜಮಾನಿ. ಆ ಗುಂಪಿನಲ್ಲಿ ಕಾಯುವುದೇ ಒಂದು ಪುಣ್ಯ. ಎಷ್ಟು ತಡವಾಯಿತೋ ತಾಯಿಯ ನಂಬಿಕೆ ಅಷ್ಟು ದೊಡ್ಡದು.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ?" ಎಂದೆ. "ಸಮಯ ದೇವರದ್ದೇ ಇರಬಹುದು, ವರ್ಷ ಕಳೀತಿರೋದು ಹುಡುಗನದ್ದು."

ಅವಳು ಕೈ ತೊಳೆದುಕೊಂಡಳು. "ನೀನು ಸರ್ಕಾರದ ಸಂಬಳ ತಗೊಳ್ಳೋಳು. ಹಾಗೇ ಹೇಳ್ತೀಯ."

ಆ ಅಕ್ಟೋಬರಿನಲ್ಲಿ ಸಭೆಯಲ್ಲಿ ದೇಶಗಳ ಸಂಜೆ ನಡೆಯಿತು. ಮನೆಶಾಲೆಯ ಮಕ್ಕಳು ಒಬ್ಬೊಬ್ಬರೂ ಒಂದು ದೇಶದ ಬಗ್ಗೆ ಮಾತಾಡಿ, ಕೊನೆಗೆ ಬೈಬಲಿನಿಂದ ಒಂದು ಭಾಗ ಓದುವುದು ವಾಡಿಕೆ. ಏಸಾಗೆ ಮಂಗೋಲಿಯಾ ಬಂದಿತ್ತು. ಕುದುರೆಗಳು, ಗುಡಾರಗಳು, ಗಾಳಿ ಎಲ್ಲವನ್ನೂ ಹುಡುಗ ಕಣ್ಣ ಮುಂದೆ ತಂದು ನಿಲ್ಲಿಸಿದ. ಕಡೆಗೆ ಓದಲೆಂದು ಬೈಬಲಿನ ಕುರುಬನ ಕೀರ್ತನೆಯನ್ನು ತಂಗಿಯಿಂದ ಮೊದಲೇ ಕೇಳಿ ಕಲಿತಿದ್ದ. ಆದರೆ ಪಾಸ್ಟರ್ ಗೇಲನ್‌ಗೆ ಸಂತೋಷ ಹೆಚ್ಚಾಗಿಬಿಟ್ಟಿತ್ತು. "ಇಷ್ಟು ಚೆನ್ನಾಗಿ ಮಾತಾಡಿದೋನು ನಾನು ತೆಗೆದುಕೊಟ್ಟಿದ್ದನ್ನ ಓದ್ಲಿ," ಎಂದು ಬೇರೊಂದು ಪುಟ ತೆರೆದು ಅವನ ಕೈಗಿತ್ತರು.

ಏಸಾ ಸಾಲಿನ ಮೇಲೆ ಬೆರಳಿಟ್ಟು ಕುರುಬನ ಕೀರ್ತನೆಯನ್ನೇ ಹೇಳತೊಡಗಿದ. ನಮ್ಮ ಸಭೆಯಲ್ಲಿ ಎಲ್ಲರೂ ಮಡಿಲಲ್ಲಿ ಬೈಬಲ್ ಬಿಚ್ಚಿಕೊಂಡು ಕೂರುವವರು. ಬೆಂಚು ಬೆಂಚಿನಲ್ಲಿ ಪುಟ ಮಗುಚುವ ಸದ್ದಾಯಿತು. ಪಾಸ್ಟರ್ ನಕ್ಕು, "ಅದಲ್ಲ ಮಗನೆ, ಇಲ್ಲಿ ನೋಡು," ಎಂದು ತೋರಿಸಿದರು. ಹುಡುಗನ ಬೆರಳು ಪಾಸ್ಟರರ ಬೆರಳಿನ ಪಕ್ಕ ಹೋಗಿ ನಿಂತಿತು. ಬಾಯಿ ತೆರೆಯಲಿಲ್ಲ. ಕಿವಿ ಕೆಂಪಾಯಿತು.

ಆಗ ಟ್ವೈಲಾ ಕೂತಲ್ಲಿಂದ ಎದ್ದು, ಪಾಸ್ಟರ್ ತೋರಿಸಿದ ಆ ಭಾಗವನ್ನು ಮೊದಲಿಂದ ಕೊನೆತನಕ ಬಾಯಿಪಾಠ ಹೇಳಿದಳು, ಮಗನ ಮೌನ ಯಾರಿಗೂ ಕೇಳಿಸದ ಹಾಗೆ. ಎಲ್ಲರೂ ಆಮೆನ್ ಅಂದರು. ನಾನು ಅನ್ನಲಿಲ್ಲ.

ಮುಂದಿನ ಶುಕ್ರವಾರ ಕರೆಯದಿದ್ದರೂ ಅವರ ಮನೆಗೆ ಊಟಕ್ಕೆ ಹೋದೆ. ಆ ವಾರದ ದೇಶ ಆಫ್ರಿಕಾದ ನೈಜರ್, ತಟ್ಟೆಯಲ್ಲಿ ಸಿರಿಧಾನ್ಯದ ಗಂಜಿ. ಡ್ವೈಟ್ ತಮಾಷೆ ಮಾಡಲಿಲ್ಲ. ವಾರವಿಡೀ ಗಂಡಹೆಂಡಿರ ನಡುವೆ ಶಾಲೆಯ ಮಾತು ಬಂದು, ಪ್ರತಿ ಸಲವೂ ಅವಳ ಕಣ್ಣೀರಿನಲ್ಲಿ ಮುಗಿದಿತ್ತೆಂದು ಅವನ ಮುಖವೇ ಹೇಳುತ್ತಿತ್ತು. ಒಂದು ಮಗು ಶಾಲೆಗೆ ಹೋದರೂ ತನ್ನ ಹರಕೆ ಮುರಿದ ಹಾಗೆ ಎಂಬುದು ಅವಳ ಲೆಕ್ಕ.

ಪ್ರಾರ್ಥನೆ ಏಸಾನ ಸರದಿ. ಬಡ ದೇಶಗಳಿಗೆಲ್ಲ ಅಮ್ಮ ಕಲಿಸಿದ ಪ್ರಾರ್ಥನೆ ಒಂದಿತ್ತು, ಅದನ್ನೇ ಶುರು ಮಾಡಿದ. "ಕರ್ತನೇ, ನೈಜರ್ ದೇಶದ ಮಕ್ಕಳನ್ನ ಕಾಪಾಡು. ಅಲ್ಲಿ ತುಂಬಾ ಜನಕ್ಕೆ ಓದೋಕೆ ಬರಲ್ಲ. ಅವರಿಗೆ ಶಾಲೆ ಕೊಡು, ಕಲಿಸೋರನ್ನ ಕಳಿಸು."

ನಾವು ಆಮೆನ್ ಅನ್ನಲು ಬಾಯಿ ತೆರೆದೆವು. ಅವನು ಮುಗಿಸಿರಲಿಲ್ಲ.

"ನನಗೂ ಓದೋಕೆ ಬರಲ್ಲ. ನನಗೂ ಒಬ್ಬರನ್ನ ಕಳಿಸು."

ಟ್ವೈಲಾ ಕಣ್ಣು ಮುಚ್ಚಿಕೊಂಡೇ ಮೆತ್ತಗೆ ಹೇಳಿದಳು. "ಇವತ್ತು ನೈಜರ್‌ಗೆ ಪ್ರಾರ್ಥನೆ ಮಾಡ್ತಿದೀವಿ ಏಸಾ. ನಿನಗಲ್ಲ."

"ಮತ್ತೆ ನನಗೆ ಯಾವ ದೇಶದೋರು ಪ್ರಾರ್ಥನೆ ಮಾಡ್ತಾರಮ್ಮ?"

ಕೇಳಿದ್ದು ಸಿಟ್ಟಿನಿಂದಲ್ಲ. ಅಂಥದ್ದೊಂದು ದೇಶ ಇದ್ದೇ ಇರಬೇಕು, ಅಮ್ಮನಿಗೆ ಹೆಸರು ಗೊತ್ತಿರಬೇಕು ಎಂದು ಕೇಳಿದ. ಊರಿಗೆ ಉಪಕಾರಿ ಮನೆಗೆ ಮಾರಿ ಎಂಬ ಮಾತು ನನ್ನ ಬಾಯಿತನಕ ಬಂತು, ಆ ಹುಡುಗನ ಮುಖ ನೋಡಿ ನುಂಗಿಕೊಂಡೆ. ಡ್ವೈಟ್, "ಆಮೆನ್," ಎಂದು ಗಟ್ಟಿಯಾಗಿ ಹೇಳಿ ಗಂಜಿಗೆ ಚಮಚ ಹಾಕಿದ. ಸೋಮವಾರ ಮಿಲ್ಲಿಗೆ ರಜೆ ಹಾಕಿ ಮಗನನ್ನು ತಾನೇ ಶಾಲೆಗೆ ಕರೆತಂದ.

ಓದು ಕಲಿಸುವ ಮೇಡಂ ಅವನನ್ನು ಪರೀಕ್ಷಿಸಿ ನೋಡಿ, ಇವನ ಕಣ್ಣಿಗೆ ಅಕ್ಷರಗಳು ನಿಂತಲ್ಲಿ ನಿಲ್ಲುವುದಿಲ್ಲ, ಇಂಥ ಮಕ್ಕಳಿಗೆ ಬೇರೆ ರೀತಿ ಕಲಿಸಬೇಕು, ಆರನೇ ವರ್ಷಕ್ಕೆ ಬಂದಿದ್ದರೆ ಎಷ್ಟು ಸುಲಭವಿತ್ತು ಎಂದರು. ದಿನವೂ ಒಂದು ಗಂಟೆ ಅವನು ಮೊದಲನೇ ಕ್ಲಾಸಿನ ಮಕ್ಕಳ ಕುರ್ಚಿಯಲ್ಲಿ ಮಂಡಿ ಗದ್ದಕ್ಕೆ ತಾಗಿಸಿಕೊಂಡು ಕೂರುತ್ತಿದ್ದ. ಊಟದ ಸಾಲಿನಲ್ಲಿ ಹುಡುಗರು, "ಏಯ್ ಭೂಗೋಳ, ನಿಮ್ಮ ದೇಶದಲ್ಲಿ ಎ ಬಿ ಸಿ ಡಿ ಇಲ್ವೇನೋ," ಎಂದು ರೇಗಿಸುತ್ತಿದ್ದರು. ನನಗೆ ಬಿಸಿ ಸೌಟು ಎತ್ತಿ ಬಾರಿಸುವಷ್ಟು ಕೋಪ ಬರುತ್ತಿತ್ತು. ಆ ಹುಡುಗರ ಮೇಲೆ ಅರ್ಧ, ಉಳಿದರ್ಧ ಟ್ವೈಲಾ ಮೇಲೆ.

ಅವಳು ನನ್ನೊಂದಿಗೆ ಮಾತು ಬಿಟ್ಟಳು. ಕೆಜಾಯಾಳನ್ನು ಕೂರಿಸಿಕೊಂಡು ದೇಶಗಳನ್ನು ಮುಂದುವರಿಸಿದಳು. ಏಸಾ ಮನೆಗೆ ತರುತ್ತಿದ್ದ ಪುಸ್ತಕವನ್ನು ಮಾತ್ರ ಒಂದು ದಿನವೂ ಬಿಚ್ಚಿ ನೋಡಲಿಲ್ಲವಂತೆ. ಬೇಸಿಗೆ ರಜೆಯಲ್ಲೂ ಡ್ವೈಟ್ ಮಗನನ್ನು ಮೇಡಂ ಹತ್ತಿರ ಬಿಟ್ಟು ಬರುತ್ತಿದ್ದ. ಮತ್ತೆ ಶಾಲೆ ಶುರುವಾಗಿ ಸ್ವಲ್ಪ ದಿನಕ್ಕೆ, ಊಟದ ಸಾಲಿನಲ್ಲಿ ನನ್ನ ಮುಂದೆ ನಿಂತು ಏಸಾ ತಲೆ ಎತ್ತಿ, ನನ್ನ ಹಿಂದೆ ಆ ದಿನದ ಊಟ ಬರೆದಿದ್ದ ಹಲಗೆ ನೋಡಿದ. "ಹುರುಳಿಕಾಯಿ," ಎಂದ. ಬಹಳ ಹೊತ್ತಿನ ಮೇಲೆ, "ಕೋಳಿ." ನಾನು ಅವತ್ತು ಅವನ ತಟ್ಟೆಗೆ ಇಬ್ಬರ ಪಾಲು ಕೋಳಿ ಸುರಿದೆ.

ಮರುವರ್ಷದ ದೇಶಗಳ ಸಂಜೆಯಲ್ಲಿ ಟ್ವೈಲಾ ದೇವರು ತನಗೆ ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳಲು ಎದ್ದಳು. ಹದಿನಾರರಲ್ಲಿ ಹರಕೆ ಕಟ್ಟಿಕೊಂಡ ಅದೇ ಜಾಗದಲ್ಲಿ ಹೋಗಿ ನಿಂತಳು. "ಅವಸರ ಮಾಡು ಅಂತ ಎಷ್ಟೋ ಜನ ಹೇಳಿದ್ರು. ನಾವು ಕಾದ್ವಿ. ದೇವರ ಸಮಯ ಬಂತು. ಇವತ್ತು ನನ್ನ ಮಗ ಓದ್ತಾನೆ." ಶಾಲೆಯ ಹೆಸರಿಲ್ಲ, ಮೇಡಂ ಹೆಸರಿಲ್ಲ, ಆ ಪುಟ್ಟ ಕುರ್ಚಿಯ ಸುದ್ದಿಯಿಲ್ಲ. ಆರ್ಲೀಟಾ ಕಣ್ಣೊರೆಸಿಕೊಂಡು, "ನಾನು ಹೇಳಿರ್ಲಿಲ್ವಾ," ಎಂದು ಸುತ್ತ ನೋಡಿದರು. ಟ್ವೈಲಾ ಸುಳ್ಳು ಹೇಳುತ್ತಿದ್ದಾಳೆಂದು ನನಗನ್ನಿಸಲಿಲ್ಲ. ಅದನ್ನೇ ನಂಬಿದ್ದಳು. ಅದಕ್ಕೇ ನನ್ನ ಮೈ ಇನ್ನಷ್ಟು ಉರಿಯಿತು.

ಪಾಸ್ಟರ್ ಗೇಲನ್ ಬೈಬಲ್ ತೆರೆದು ಏಸಾನನ್ನು ಕರೆದರು. ಅವನು ಹೋಗಿ ಪುಟ ನೋಡಿದ. ಮುಂದಿನ ಬೆಂಚಿನಲ್ಲಿದ್ದ ನನಗೆ ಅವನ ತುಟಿ ಅಲ್ಲಾಡಿದ್ದು ಕಾಣಿಸಿತು. ಸದ್ದಿಲ್ಲದೆ ಒಂದು ಪದ, ಮತ್ತೊಂದು ಪದ. ನನ್ನ ಮಡಿಲಲ್ಲಿದ್ದ ಪುಟಕ್ಕೆ ಎರಡೂ ಸರಿಹೋದವು. ಆಮೇಲೆ ಅವನು ಬೈಬಲ್ ಮುಚ್ಚಿ ಪಾಸ್ಟರರ ಕೈಗೆ ಕೊಟ್ಟ. ಅಮ್ಮನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದ.

"ನನಗೆ ಓದೋಕೆ ಬರಲ್ಲ."

ಈ ಸಲ ಟ್ವೈಲಾ ಅವನ ಬದಲು ಏನನ್ನೂ ಹೇಳಲಿಲ್ಲ. ಪುಟ್ಟ ಕುರ್ಚಿಯಲ್ಲಿ ಕೂತು ಕಲಿತದ್ದನ್ನು ಅಮ್ಮನ ಸಾಕ್ಷಿಗೆ ಒಪ್ಪಿಸದೆ ಏಸಾ ಕೆಳಗಿಳಿದು ಬಂದು ನನ್ನ ಪಕ್ಕ ಕೂತ. ಏನೂ ತೋಚದೆ ಪಾಸ್ಟರ್ ಒಂದು ಹಾಡಿನ ಸಂಖ್ಯೆ ಕೂಗಿದರು, ಎಲ್ಲರೂ ಎದ್ದು ಹಾಡಿದರು. ಏಸಾ ಹಾಡಿನ ಪುಸ್ತಕ ತೆರೆದು ಪ್ರತಿ ಪದದ ಕೆಳಗೂ ಬೆರಳು ಸರಿಸುತ್ತ, ಸಭೆಗಿಂತ ಒಂದು ಪದ ಹಿಂದೆ, ಸಣ್ಣ ದನಿಯಲ್ಲಿ ಓದಿಕೊಂಡು ಹೋದ. ಟ್ವೈಲಾ ಮುಂದೆ ನಿಂತು ಆ ಬೆರಳನ್ನೇ ನೋಡುತ್ತಿದ್ದಳು.